ಸಹಾಯ ಬೇಕು: ಗೇಮ್ ಆಡುವಾಗ ಪಿಸಿ ತಾನಾಗೇ ರೀಸ್ಟಾರ್ಟ್ ಆಗ್ತಿದೆ

ನಮಸ್ಕಾರ ಎಲ್ಲರಿಗೂ. ಮೂಡಿಗೆರೆ ಕಡೆಯವನು. ರೈಜನ್ 5 5600ಎಕ್ಸ್ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಪವರ್ ಸಪ್ಲೈ ಇರುವ ಪಿಸಿ. ಬ್ರೌಸಿಂಗ್, ಸಿನಿಮಾ ಎಲ್ಲ ಆರಾಮ. ದೊಡ್ಡ ಗೇಮ್ ಹಾಕಿದರೆ ಸ್ವಲ್ಪ ಹೊತ್ತಿಗೆ ಟಕ್ ಅಂತ ಆಫ್ ಆಗಿ ತಾನೇ ಆನ್ ಆಗುತ್ತದೆ, ಬ್ಲೂ ಸ್ಕ್ರೀನ್ ಕೂಡ ಬರಲ್ಲ.

ವಿಂಡೋಸ್ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಮಾತ್ರ ಇದೆ. ಅದು ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಹೇಳುತ್ತದೆ, ಕಾರಣ ಹೇಳಲ್ಲ. ಟೆಂಪರೇಚರ್ 75 ಡಿಗ್ರಿ ದಾಟಲ್ಲ. ಧೂಳು ತೆಗೆದೆ, ಡ್ರೈವರ್ ಹೊಸದಾಗಿ ಹಾಕಿದೆ, ರ‍್ಯಾಮ್ ಟೆಸ್ಟ್ ಪಾಸ್. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಅಲ್ವಾ, ಅದೇ ಇರಬಹುದು ಅಂದುಕೊಂಡೆ. ಆದರೆ ಗೋಡೆಯ ಅದೇ ಸ್ವಿಚ್ ಬೋರ್ಡಿಗೆ ಹಾಕಿರುವ ಮಾನಿಟರ್ ಮಿಣುಕುವುದೂ ಇಲ್ಲ.

ಗೊಂದಲ ಇಲ್ಲಿದೆ. ಸಿಪಿಯು ಒಂದಕ್ಕೇ ಲೋಡ್ ಕೊಟ್ಟರೆ ಏನೂ ಆಗಲ್ಲ, ಕಾರ್ಡಿಗೂ ಸೇರಿಸಿ ಕೊಟ್ಟರೆ ಹೋಗುತ್ತದೆ, ಕಾರ್ಡಿನ ಪವರ್ ಲಿಮಿಟ್ 70%ಗೆ ಇಳಿಸಿದರೆ ಗಂಟೆಗಟ್ಟಲೆ ನಡೆಯುತ್ತದೆ. ಕಾರ್ಡಿನ ಎರಡು 8 ಪಿನ್ ಪವರ್ ಕನೆಕ್ಟರ್‌ಗೂ ಪವರ್ ಸಪ್ಲೈನಿಂದ ಒಂದೇ ಕೇಬಲ್ ಕವಲೊಡೆದು ಹೋಗಿದೆ. ಚಿಕ್ಕಮಗಳೂರಿನ ಅಂಗಡಿಯವರು ಕಾರ್ಡೇ ಹೋಗಿದೆ ಅಂತಾರೆ. ನನಗೆ ಪವರ್ ಸಪ್ಲೈ ಮೇಲೇ ಅನುಮಾನ, ಈ ಕಾರ್ಡಿಗೆ ಕಂಪನಿಯವರೇ 650 ವ್ಯಾಟ್ ಹೇಳುತ್ತಾರೆ.

ಸುಮ್ನೆ ದುಡ್ಡು ಹಾಕುವ ಮೊದಲು ಕೇಳುತ್ತಿದ್ದೇನೆ: ಬೇರೆ ಬೇರೆ ಎರಡು ಕೇಬಲ್ ಹಾಕಿ ನೋಡಿದರೆ ಸಾಕಾ, ಇಲ್ಲ ನೇರವಾಗಿ 750 ವ್ಯಾಟ್ ತಗೊಳ್ಳಲಾ? ಕಾರ್ಡ್ ಸರಿ ಇದೆ ಅಂತ ಮನೆಯಲ್ಲೇ ಖಚಿತ ಮಾಡಿಕೊಳ್ಳುವುದು ಹೇಗೆ?