ಹಾವು ಕಚ್ಚಿದವರಿಗೆ 20 ನಿಮಿಷದ ರಕ್ತ ಪರೀಕ್ಷೆ: ಫಲಿತಾಂಶ ಏಕೆ ತಪ್ಪುತ್ತದೆ?

ಪ್ರಶ್ನೆ: ಮಲೆನಾಡಿನ ತಾಲೂಕು ಆಸ್ಪತ್ರೆಯ ತುರ್ತು ವಿಭಾಗ. ತೋಟದಲ್ಲಿ ಹಾವು ಕಚ್ಚಿ ಬರುವವರಲ್ಲಿ ಕೆಲವರಿಗೆ ಊತ, ರಕ್ತಸ್ರಾವ ಯಾವುದೂ ಇಲ್ಲ, ಆದರೂ 20 ನಿಮಿಷದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟುತ್ತಿಲ್ಲ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರು ಮಾಡುವುದೇ?

ಉತ್ತರ 1: ಮೊದಲು ಟ್ಯೂಬ್ ನೋಡಿ ಸರ್. ಹೊಸ, ಒಣಗಿದ ಗಾಜಿನದ್ದೇ ಆಗಬೇಕು. ಪ್ಲಾಸ್ಟಿಕ್‌ನಲ್ಲಿ, ಸೋಪಿನಲ್ಲಿ ತೊಳೆದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. 2 ಮಿ.ಲೀ. ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಮಾತ್ರ ಬಗ್ಗಿಸಿ. ಅನುಮಾನವಿದ್ದರೆ ಆರೋಗ್ಯವಂತರ ರಕ್ತವನ್ನು ಪಕ್ಕದಲ್ಲೇ ಇನ್ನೊಂದು ಟ್ಯೂಬಿನಲ್ಲಿಡಿ.

ಉತ್ತರ 2: ಹೆಪ್ಪುಗಟ್ಟುತ್ತಿಲ್ಲ ಎಂದು ಖಚಿತವಾದರೆ ಎಎಸ್‌ವಿ 10 ವಯಲ್ (ಔಷಧದ ಚಿಕ್ಕ ಸೀಸೆ), ಸಲೈನ್‌ನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ. ಮಕ್ಕಳಿಗೂ ವಯಲ್ ಅಷ್ಟೇ, ಸಲೈನ್ ಮಾತ್ರ ಕಡಿಮೆ. ಎಎಸ್‌ವಿಗೆ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ (ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಸ್ನಾಯುವಿಗೆ) ಸಿರಿಂಜಿನಲ್ಲಿ ಎಳೆದಿಟ್ಟೇ ಡ್ರಿಪ್ ಬಿಡಿ. ಮರುಪರೀಕ್ಷೆ 6 ಗಂಟೆಯ ನಂತರ. ಯಕೃತ್ತು ಹೊಸ ಹೆಪ್ಪುಕಾರಕ ತಯಾರಿಸಲು ಅಷ್ಟು ಹೊತ್ತು ಬೇಕೇ ಬೇಕು. ಕಾಲಿಗೆ ಹಗ್ಗ ಬಿಗಿದು ಕರೆತಂದಿದ್ದರೆ ಒಮ್ಮೆಲೇ ಬಿಚ್ಚಬೇಡಿ.

ಉತ್ತರ 3: ಒಂದು ಸೇರಿಸುತ್ತೇನೆ. ನಮ್ಮ ಕಾಡಿನ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ವಿಷದ ಹಾವಿಗೆ ಈ ಎಎಸ್‌ವಿ ನಾಟುವುದಿಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ ಮಾತ್ರ. ಡೋಸ್ ಕೊಟ್ಟರೂ ಹೆಪ್ಪುಗಟ್ಟದಿದ್ದರೆ ವಯಲ್ ಸುರಿಯುತ್ತಾ ಕೂರದೆ ಮೂತ್ರದ ಪ್ರಮಾಣ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ನೋಡಿ, ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸಿ. ಎಷ್ಟು ವಯಲ್, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ರೆಫರಲ್ ಚೀಟಿಯಲ್ಲಿ ಬರೆಯಿರಿ.