ಪೇಟೆಂಟ್ ಕಚೇರಿಯ ಕನ್ನಡ: ‘ಹಕ್ಕುಸ್ವಾಮ್ಯ’, ‘ಆಕ್ಷೇಪಣೆ’, ‘ಬಳಕೆದಾರ’ ಪದಗಳ ಬಗ್ಗೆ ಒಂದು ಕೇಳಿಕೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ಕೇಂದ್ರ ಸರ್ಕಾರದ ಪೇಟೆಂಟ್, ವಿನ್ಯಾಸ ಮತ್ತು ಟ್ರೇಡ್‌ಮಾರ್ಕ್ ಮಹಾನಿಯಂತ್ರಕರ ಕಚೇರಿ ಈಚಿನ ವರ್ಷಗಳಲ್ಲಿ ಕಾಲೇಜುಗಳಿಗೂ ಸಣ್ಣ ಉದ್ದಿಮೆದಾರರ ಬಳಿಗೂ ತಾನಾಗಿ ಹೋಗಿ ತಿಳಿವಳಿಕೆ ನೀಡುತ್ತಿರುವುದನ್ನು ನಿಮ್ಮಲ್ಲಿ ಹಲವರು ಗಮನಿಸಿರಬಹುದು. 2016ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಬೌದ್ಧಿಕ ಆಸ್ತಿ ಹಕ್ಕುಗಳ ನೀತಿಯ ಏಳು ಗುರಿಗಳಲ್ಲಿ ಅರಿವು ಮೂಡಿಸುವುದೇ ಮೊದಲನೆಯದು. 2021ರ ಡಿಸೆಂಬರ್ 8ರಂದು ಆರಂಭವಾದ ರಾಷ್ಟ್ರೀಯ ಬೌದ್ಧಿಕ ಆಸ್ತಿ ಜಾಗೃತಿ ಅಭಿಯಾನವು 2022ರ ಆಗಸ್ಟ್ 15ರೊಳಗೆ ಹತ್ತು ಲಕ್ಷ ವಿದ್ಯಾರ್ಥಿಗಳನ್ನು ತಲುಪಬೇಕೆಂದು ಹೊರಟು, ಜುಲೈ 31ಕ್ಕೇ ಆ ಗುರಿ ಮುಟ್ಟಿತು. 2023ರ ಮಾರ್ಚ್ 15ರಿಂದ 2024ರ ಮಾರ್ಚ್ 14ರವರೆಗಿನ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟುಗಳು ಮಂಜೂರಾದವು. ಇದೆಲ್ಲವೂ ಸ್ವಾಗತಾರ್ಹವೇ. ಆದರೆ ಪೇಟೆಂಟ್ ಅರ್ಜಿಯನ್ನಾಗಲಿ ಟ್ರೇಡ್‌ಮಾರ್ಕ್ ಅರ್ಜಿಯನ್ನಾಗಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಸಲ್ಲಿಸಬೇಕೆಂಬುದು ನಿಯಮ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಹೀಗಾಗಿ ಕನ್ನಡದಲ್ಲಿ ಈ ವಿಷಯ ಹೇಳುವ ಹೊಣೆ ಕಾಲೇಜಿನ ಅಧ್ಯಾಪಕರು, ಪತ್ರಕರ್ತರು ಮತ್ತು ನಮ್ಮಂಥ ಅನುವಾದಕರ ಮೇಲೆ ಬಿದ್ದಿದೆ. ವಿದ್ಯಾರ್ಥಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ನೇಕಾರರಿಗೂ ಉಪಯೋಗವಾಗುವಂಥ ಒಂದು ಕಿರುಕೈಪಿಡಿಯನ್ನು ನಾನು ಸಿದ್ಧಪಡಿಸುತ್ತಿದ್ದು, ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕಾಗಿದೆ.

ಎಲ್ಲಕ್ಕಿಂತ ಮೊದಲು ‘ಹಕ್ಕುಸ್ವಾಮ್ಯ’. ಪತ್ರಿಕೆಗಳಲ್ಲಿ ಈ ಪದ ಒಂದು ದಿನ ಕಾಪಿರೈಟಿಗೆ ಬಳಕೆಯಾದರೆ ಮರುದಿನ ಪೇಟೆಂಟಿಗೆ ಬಳಕೆಯಾಗುತ್ತದೆ. ಪುಸ್ತಕಗಳ ಒಳಪುಟದಲ್ಲಿ ‘ಹಕ್ಕುಸ್ವಾಮ್ಯ: ಲೇಖಕರದು’ ಎಂದಿರುತ್ತದೆ, ಔಷಧ ಕಂಪನಿಯ ಮೊಕದ್ದಮೆಯ ವರದಿಯಲ್ಲಿ ‘ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ’ ಎಂದಿರುತ್ತದೆ. ಎರಡೂ ಸ್ವಾಮ್ಯವೇ ತಾನೇ, ಸಂದರ್ಭದಿಂದ ಅರ್ಥವಾಗುವುದಿಲ್ಲವೇ ಎಂದು ಕೇಳಬಹುದು. ಭಾಷೆಯ ಮಟ್ಟದಲ್ಲಿ ಆ ಮಾತು ಸರಿಯೇ. ಕಾನೂನಿನ ಮಟ್ಟದಲ್ಲಿ ಮಾತ್ರ ಇವೆರಡರ ನಡೆ ಒಂದಕ್ಕೊಂದು ತದ್ವಿರುದ್ಧ. ಕವಿತೆ ಬರೆದ ಗಳಿಗೆಯಲ್ಲೇ ಕವಿಗೆ ಕಾಪಿರೈಟ್ ಬಂದುಬಿಡುತ್ತದೆ; ನೋಂದಣಿ ಕಡ್ಡಾಯವಲ್ಲ, ಪ್ರಕಟಿಸಿದರೆ ನಷ್ಟವೂ ಇಲ್ಲ, ಕವಿಯ ಜೀವಿತಾವಧಿಗೆ ಅರುವತ್ತು ವರ್ಷ ಸೇರಿಸಿದಷ್ಟು ಕಾಲ ಅದು ಉಳಿಯುತ್ತದೆ. ಪೇಟೆಂಟ್ ಹಾಗಲ್ಲ. ಅರ್ಜಿ ಹಾಕದೆ ಅದು ಹುಟ್ಟುವುದೇ ಇಲ್ಲ, ಸಿಕ್ಕರೂ ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿಗೆ ಮೊದಲೇ ಆವಿಷ್ಕಾರವನ್ನು ಬಹಿರಂಗಪಡಿಸಿಬಿಟ್ಟರೆ ಅದರ ಹೊಸತನವೇ ಹೋಗಿ ಪೇಟೆಂಟ್ ಕೈತಪ್ಪುತ್ತದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನದಲ್ಲಿಟ್ಟದ್ದು, ವಿದ್ವತ್ ಸಂಸ್ಥೆಯೊಂದರ ಮುಂದೆ ಪ್ರಬಂಧವಾಗಿ ಓದಿದ್ದು, ಇಂಥ ಕೆಲವಕ್ಕೆ ಹನ್ನೆರಡು ತಿಂಗಳ ವಿನಾಯಿತಿ ಉಂಟು. ಕಾಲೇಜಿನ ಯೂಟ್ಯೂಬ್ ಚಾನೆಲ್ಲಿನಲ್ಲಿ ತೋರಿಸಿದ್ದಕ್ಕೆ ಆ ವಿನಾಯಿತಿ ಇಲ್ಲ.

ಈಗ ಯೋಚಿಸಿ: ಜಾಗೃತಿ ಶಿಬಿರದಲ್ಲಿ ಕಾಪಿರೈಟ್ ಬಗ್ಗೆ ಹೇಳುತ್ತಾ ‘ಹಕ್ಕುಸ್ವಾಮ್ಯ ತಾನಾಗಿಯೇ ಬರುತ್ತದೆ, ಅರ್ಜಿ ಬೇಕಿಲ್ಲ’ ಎಂದು ಭಾಷಣಕಾರರು ಸರಿಯಾಗಿಯೇ ವಿವರಿಸಿದರೆನ್ನಿ. ಅಡಿಕೆ ಸುಲಿಯುವ ಯಂತ್ರ ಮಾಡಿಟ್ಟುಕೊಂಡಿರುವ ಡಿಪ್ಲೊಮಾ ವಿದ್ಯಾರ್ಥಿ ಅದನ್ನು ತನ್ನ ಯಂತ್ರಕ್ಕೂ ಅನ್ವಯಿಸಿಕೊಂಡು, ನಿಶ್ಚಿಂತೆಯಿಂದ ಅದನ್ನು ಕೃಷಿ ಮೇಳದಲ್ಲಿಟ್ಟು, ಒಳಗಿನ ರಚನೆಯನ್ನೆಲ್ಲ ಬಂದವರಿಗೆ ಬಿಚ್ಚಿ ತೋರಿಸಿದರೆ ಆ ಹುಡುಗನನ್ನು ದೂರಲು ನಮಗೆ ಬಾಯಿ ಇರುವುದಿಲ್ಲ. ಆದ್ದರಿಂದ ‘ಹಕ್ಕುಸ್ವಾಮ್ಯ’ವನ್ನು ಕಾಪಿರೈಟಿಗೆ ಮಾತ್ರ ಮೀಸಲಿಡಬೇಕು, ಇಲ್ಲವೇ ಎರಡರಲ್ಲೂ ಕೈಬಿಟ್ಟು ಕಾಪಿರೈಟಿಗೆ ‘ಕೃತಿಸ್ವಾಮ್ಯ’ವನ್ನೇ ಗಟ್ಟಿ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪೇಟೆಂಟಿಗೆ ಏನು? ‘ಏಕಸ್ವ’ ಎಂಬುದು ಹಿಂದಿಯ ಪಾರಿಭಾಷಿಕ ಪದ. ಕನ್ನಡದ ಕಿವಿಗೆ ಅದು ಒಗ್ಗಿದಂತೆ ಕಾಣುವುದಿಲ್ಲ. ‘ಹಕ್ಕುಪತ್ರ’ ಚೆನ್ನಾಗಿದೆಯಾದರೂ ಸರ್ಕಾರಿ ಜಮೀನು ಮತ್ತು ನಿವೇಶನಗಳ ಮಂಜೂರಾತಿಗೆ ಆ ಪದ ಎಂದೋ ಸಂದುಹೋಗಿದೆ. ನನಗೆ ಹೆಚ್ಚು ಮನಸ್ಸಿಗೆ ಬಂದದ್ದು ‘ಸನ್ನದು’. ಪೇಟೆಂಟ್ ಎಂಬ ಪದದ ಮೂಲ ‘ತೆರೆದ ಪತ್ರ’: ಅರಸನು ಎಲ್ಲರೂ ಓದಲೆಂದು, ಮುದ್ರೆ ಒಡೆಯದೆಯೇ ಓದಲಾಗುವಂತೆ, ಒಬ್ಬರಿಗೆ ಅಧಿಕಾರ ಕೊಟ್ಟು ಹೊರಡಿಸಿದ ಪತ್ರ. ನಮ್ಮ ಸಂಸ್ಥಾನಗಳ ಆಡಳಿತದಲ್ಲಿ ಸನ್ನದು ಎಂದರೆ ಹೆಚ್ಚುಕಡಿಮೆ ಇದೇ. ಆದರೆ ಇಂದು ಸನ್ನದು ಎಂದರೆ ಜನರಿಗೆ ನೆನಪಾಗುವುದು ವಕೀಲರ ಸನ್ನದು. ಅಲ್ಲದೆ ಸನ್ನದು ಇರುವವರು ಕೆಲಸ ‘ಮಾಡಬಹುದು’. ಪೇಟೆಂಟ್ ಕೊಡುವುದಾದರೋ ಇತರರು ಅದನ್ನು ‘ಮಾಡಬಾರದು’ ಎಂದು ತಡೆಯುವ ಹಕ್ಕನ್ನು. ಈ ಎರಡನೆಯ ಕಾರಣದಿಂದ ‘ಪೇಟೆಂಟ್’ ಎಂಬ ರೂಪವನ್ನೇ ಉಳಿಸಿಕೊಳ್ಳುವುದು ಮೇಲೆನ್ನಿಸುತ್ತದೆ. ಹಳ್ಳಿಯ ರೈತರೂ ಬಾಸ್ಮತಿ, ಅರಿಸಿನ, ಬೇವುಗಳ ವಿವಾದದ ಕಾಲದಿಂದ ಈ ಪದವನ್ನು ಬಲ್ಲರು.

ಹಕ್ಕಿನ ಹೆಸರು ಯಾವುದೇ ಇರಲಿ, ಹಂತಗಳ ಹೆಸರುಗಳು ಕನ್ನಡದಲ್ಲೇ ಸ್ಪಷ್ಟವಾಗಿರಬೇಕೆಂಬುದು ನನ್ನ ಆಗ್ರಹ. ‘ಪೇಟೆಂಟ್ ಪಡೆದ ಪ್ರಾಧ್ಯಾಪಕ’ ಎಂಬ ಸುದ್ದಿಯನ್ನು ಆಳವಾಗಿ ಓದಿದರೆ ಎಷ್ಟೋ ಸಲ ಅಲ್ಲಿ ನಡೆದಿರುವುದು ಅರ್ಜಿಯ ಪ್ರಕಟಣೆ ಮಾತ್ರ. ಅರ್ಜಿ ಹಾಕಿದ ಹದಿನೆಂಟು ತಿಂಗಳಿಗೆ, ಅಥವಾ ಕೋರಿಕೊಂಡರೆ ಅದಕ್ಕೂ ಮೊದಲೇ, ಅದು ಕಚೇರಿಯ ನಿಯತಕಾಲಿಕದಲ್ಲಿ ಪ್ರಕಟವಾಗುತ್ತದೆ. ಯೋಗ್ಯತೆಯ ಪರೀಕ್ಷೆ ಆಗ ಇನ್ನೂ ನಡೆದಿರುವುದಿಲ್ಲ. ಆ ಪರೀಕ್ಷೆಯೂ ತಾನಾಗಿ ನಡೆಯದು, ಅದಕ್ಕೆ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಬೇಕು. 2024ರ ಮಾರ್ಚ್ 15ರಂದು ಬಂದ ತಿದ್ದುಪಡಿ ನಿಯಮಗಳು ಈ ಕೋರಿಕೆಯ ಗಡುವನ್ನು 48 ತಿಂಗಳಿಂದ 31 ತಿಂಗಳಿಗೆ ಇಳಿಸಿವೆ. ಗಡುವು ಮೀರಿದರೆ ಅರ್ಜಿಯನ್ನು ಹಿಂಪಡೆದಂತೆಯೇ ಲೆಕ್ಕ. ಇಲ್ಲಿ ‘ಪರಿಶೀಲನೆ’ ಎಂಬ ಪದ ಬಳಸಿದರೆ, ಅರ್ಜಿ ‘ಪರಿಶೀಲನೆಯಲ್ಲಿದೆ’ ಎಂಬ ನಮ್ಮ ಸರ್ಕಾರಿ ಕಚೇರಿಗಳ ನಿತ್ಯದ ಉತ್ತರ ನೆನಪಾಗಿ ಅರ್ಜಿದಾರರು ಸುಮ್ಮನೆ ಕಾಯುತ್ತ ಕೂರುವ ಅಪಾಯವಿದೆ. ಆದ್ದರಿಂದ ನಾನು ‘ಪರೀಕ್ಷೆಗೆ ಕೋರಿಕೆ’ ಎಂದು ಬರೆದುಕೊಂಡಿದ್ದೇನೆ. ‘ತಾತ್ಕಾಲಿಕ ಪೇಟೆಂಟ್’ ಎಂಬ ಪ್ರಯೋಗವನ್ನು ಪೂರ್ತಿ ಬಿಟ್ಟಿದ್ದೇನೆ, ಏಕೆಂದರೆ ಅಂಥದೊಂದು ಪೇಟೆಂಟೇ ಇಲ್ಲ. ಇರುವುದು ತಾತ್ಕಾಲಿಕ ವಿವರಣೆ, ಅದರ ಬೆನ್ನಿಗೆ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಹೋಗಲೇಬೇಕು. ವಸ್ತುವಿನ ಹೊರನೋಟಕ್ಕೆ ಸಿಗುವ ವಿನ್ಯಾಸದ ನೋಂದಣಿಯನ್ನು ಪೇಟೆಂಟ್ ಎಂದು ಕರೆಯುವುದೂ ನಿಲ್ಲಬೇಕು.

ಟ್ರೇಡ್‌ಮಾರ್ಕಿನ ಕಡೆಗೆ ಬಂದರೆ, ‘ವಾಣಿಜ್ಯ ಚಿಹ್ನೆ’ ಎಂಬ ಪದ ಕೇಳಿದವರು ಅದೊಂದು ಚಿತ್ರವೆಂದೇ ತಿಳಿಯುತ್ತಾರೆ. ಕಾಯಿದೆಯ ಪ್ರಕಾರ ಬರಿಯ ಹೆಸರು, ಅಂಕಿ, ಬಣ್ಣಗಳ ಜೋಡಣೆ, ಹೊದಿಕೆಯ ಆಕಾರ, ಇವೆಲ್ಲವೂ ಟ್ರೇಡ್‌ಮಾರ್ಕ್ ಆಗಬಲ್ಲವು. ಇಂಥ ಮಾರ್ಕಿನ ಬೀಡಿ, ಇಂಥ ಮಾರ್ಕಿನ ಊದುಬತ್ತಿ ಎಂದು ನಮ್ಮ ಅಂಗಡಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ‘ಮಾರ್ಕು’ ಈ ಅರ್ಥವನ್ನು ಅನಾಯಾಸವಾಗಿ ಹೊರುತ್ತದೆ ಎಂದು ನನ್ನ ನಂಬಿಕೆ.

ಇಲ್ಲಿ ನಿಜವಾದ ತೊಡಕಿರುವುದು ‘ಆಕ್ಷೇಪಣೆ’ಯಲ್ಲಿ. ಟ್ರೇಡ್‌ಮಾರ್ಕ್ ಅರ್ಜಿಗೆ ಎರಡು ಕಡೆಯಿಂದ ಅಡ್ಡಿ ಬರಬಹುದು. ಮೊದಲನೆಯದು ಕಚೇರಿಯ ಪರೀಕ್ಷಕರು ಎತ್ತುವುದು. ವರದಿ ಕೈಸೇರಿದ ಒಂದು ತಿಂಗಳೊಳಗೆ ಅದಕ್ಕೆ ಉತ್ತರ ಕೊಡಬೇಕು. ಎರಡನೆಯದು, ಮಾರ್ಕು ನಿಯತಕಾಲಿಕದಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಹೊರಗಿನವರು ಯಾರಾದರೂ ಎತ್ತುವುದು; ಅದರ ನೋಟಿಸು ತಲುಪಿದ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತಾಗುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆಬೇರೆ ಪದಗಳಿವೆ. ಕನ್ನಡದ ಬರಹಗಳಲ್ಲಿ ಎರಡೂ ‘ಆಕ್ಷೇಪಣೆ’ ಆಗಿವೆ, ಕೆಲವೊಮ್ಮೆ ಮೊದಲನೆಯದನ್ನು ‘ತಿರಸ್ಕಾರ’ ಎಂದೇ ತಿಳಿದು ವ್ಯಾಪಾರಿಗಳು ಆಸೆ ಬಿಡುವುದೂ ಉಂಟು. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಯ ಬಗ್ಗೆ ಇನ್ನೊಬ್ಬರು ಎತ್ತುವ ಅಡ್ಡಿಗೆ ನಾವು ‘ತಕರಾರು’ ಎನ್ನುತ್ತೇವೆ. ಪರೀಕ್ಷಕರದು ‘ಆಕ್ಷೇಪಣೆ’, ಹೊರಗಿನವರದು ‘ತಕರಾರು’ ಎಂದು ಗೊತ್ತುಪಡಿಸಿಕೊಂಡರೆ ಗೊಂದಲ ತೀರುತ್ತದೆ. ‘ತಕರಾರು’ ಆಡುಮಾತಿನಲ್ಲಿ ಜಗಳದ ಛಾಯೆ ಪಡೆದಿರುವುದರಿಂದ ಕೈಪಿಡಿಯ ಭಾಷೆಗೆ ಅದು ಒಪ್ಪುವುದೇ ಎಂಬುದೊಂದೇ ನನ್ನ ಸಂದೇಹ.

ಇದರ ಜೊತೆಗೆ, ಕನ್ನಡ ಲಿಪಿಯಲ್ಲಿರುವ ಮಾರ್ಕಿಗೆ ಅರ್ಜಿ ಹಾಕುವವರು ಆ ಪದದ ಲಿಪ್ಯಂತರವನ್ನೂ ಅನುವಾದವನ್ನೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಕೊಟ್ಟು, ಅದು ಯಾವ ಭಾಷೆಯದೆಂದು ತಿಳಿಸಬೇಕೆಂಬ ನಿಯಮವಿದೆ. ಇದು ನಮ್ಮ ಬಳಗದವರು ನೆರವಾಗಬಹುದಾದ ಜಾಗ. ಬಳೆ, ಬಲೆ, ಬಾಳೆ ಮೂರನ್ನೂ ರೋಮನ್ ಲಿಪಿಯಲ್ಲಿ ಒಂದೇ ಬಗೆಯಾಗಿ ಬರೆದುಬಿಡುವ ರೂಢಿ ನಮ್ಮಲ್ಲಿದೆ. ಸರಕಿನ ಗುಣವನ್ನೇ ಹೇಳುವ ಪದಕ್ಕೆ ಸಾಮಾನ್ಯವಾಗಿ ನೋಂದಣಿ ಸಿಗದಿರುವುದರಿಂದ, ಚಿಪ್ಸ್ ಮಾರುವವರ ‘ಬಳೆ’ ಎಂಬ ಮಾರ್ಕು ಪರೀಕ್ಷಕರ ಕಣ್ಣಿಗೆ ‘ಬಾಳೆ’ಯಾಗಿ ಕಂಡರೆ ಸುಮ್ಮನೆ ಒಂದು ಆಕ್ಷೇಪಣೆಗೆ ಎಡೆಯಾದೀತು.

ಭೌಗೋಳಿಕ ಸೂಚಕದ (ಜಿಐ), ಅಂದರೆ ಒಂದು ಸೀಮೆಯಿಂದ ಹೆಸರಾದ ಸರಕಿನ ಹೆಸರಿಗೆ ಸಿಗುವ ರಕ್ಷಣೆಯ, ವಿಷಯದಲ್ಲಿ ನಮ್ಮ ಪತ್ರಿಕೆಗಳಿಗೆ ಪ್ರೀತಿ ಹೆಚ್ಚು. ಇಂಡಿ ಲಿಂಬೆಗೆ ಜಿಐ ‘ಗರಿ’, ಶಿರಸಿ ಅಡಿಕೆಗೆ ಜಿಐ ‘ಮಾನ್ಯತೆ’ ಎಂಬ ಶೀರ್ಷಿಕೆಗಳಲ್ಲಿರುವ ಅಭಿಮಾನ ನನಗೂ ಇದೆ. ಆದರೆ ಗರಿ, ಮಾನ್ಯತೆ ಎಂದಾಗ ಅದು ಪ್ರಶಸ್ತಿಯಂತೆ ಕೇಳಿಸುತ್ತದೆ. ಬಂದಾಯಿತು, ಇನ್ನೇನೂ ಮಾಡಬೇಕಿಲ್ಲ ಎಂಬ ಭಾವ ಹುಟ್ಟುತ್ತದೆ. ಚೆನ್ನೈನಲ್ಲಿರುವ ನೋಂದಣಿ ಕಚೇರಿ ಅದನ್ನು ದಾಖಲಿಸುವುದು ಒಂದು ಸಂಘದ, ನಿಗಮದ ಅಥವಾ ಪ್ರಾಧಿಕಾರದ ಹೆಸರಿನಲ್ಲಿ. ಬೆಳೆಗಾರರೂ ನೇಕಾರರೂ ಆ ಬಳಿಕ ಒಬ್ಬೊಬ್ಬರಾಗಿ ತಮ್ಮ ಹೆಸರು ನೋಂದಾಯಿಸಿಕೊಳ್ಳಬೇಕು, ಹತ್ತು ವರ್ಷಕ್ಕೊಮ್ಮೆ ನವೀಕರಣವೂ ಆಗಬೇಕು. ಹೀಗೆ ನೋಂದಾಯಿತರಾದವರನ್ನು ಕನ್ನಡದಲ್ಲಿ ‘ಅಧಿಕೃತ ಬಳಕೆದಾರ’ ಎಂದು ಕರೆಯುತ್ತಿದ್ದಾರೆ. ನಮ್ಮ ಮಾತಿನಲ್ಲಿ ಬಳಕೆದಾರ ಎಂದರೆ ಕೊಂಡು ಬಳಸುವ ಗಿರಾಕಿ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು ಆ ಅರ್ಜಿಯ ಹೆಸರು ಕೇಳಿದರೆ, ಅದು ಮೆಣಸಿನಕಾಯಿ ಕೊಳ್ಳುವವರಿಗೆ ಸಂಬಂಧಿಸಿದ್ದೆಂದು ಪಕ್ಕಕ್ಕಿಡುವುದು ಸಹಜ. ಇಲ್ಲಿ ಬಳಸುವುದು ಹೆಸರನ್ನು, ಸರಕನ್ನಲ್ಲ. ‘ಹೆಸರು ಬಳಸುವ ಹಕ್ಕುಳ್ಳ ಉತ್ಪಾದಕ’ ಎಂಬುದು ಉದ್ದವಾದರೂ ತಪ್ಪುದಾರಿಗೆ ಎಳೆಯುವುದಿಲ್ಲ. ಇದಕ್ಕಿಂತ ಚಿಕ್ಕದಾದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಕಡೆಯದಾಗಿ, ನನಗೆ ಒಪ್ಪುವ ಪದವೇ ಸಿಗದ ಒಂದು ಜಾಗ. ಪೇಟೆಂಟ್ ಅರ್ಜಿಯ ಕೊನೆಯಲ್ಲಿ ಸಂಖ್ಯೆ ಕೊಟ್ಟು ಬರೆಯುವ ವಾಕ್ಯಗಳಿರುತ್ತವೆ. ಆವಿಷ್ಕಾರದಲ್ಲಿ ಎಲ್ಲಿಂದ ಎಲ್ಲಿಯವರೆಗೆ ತನ್ನದು ಎಂಬುದನ್ನು ಅವು ನಿಷ್ಕರ್ಷೆ ಮಾಡುತ್ತವೆ. ವಿವರಣೆಯಲ್ಲಿ ಎಷ್ಟೇ ಬರೆದಿದ್ದರೂ ಈ ವಾಕ್ಯಗಳ ವ್ಯಾಪ್ತಿಯೊಳಗೆ ಬಾರದ್ದಕ್ಕೆ ರಕ್ಷಣೆ ಇಲ್ಲ. ಇವಕ್ಕೆ ‘ಕ್ಲೇಮು’ ಎಂದರೆ ವಿಮೆಯ ಹಣ ನೆನಪಾಗುತ್ತದೆ, ‘ಹಕ್ಕೊತ್ತಾಯ’ ಎಂದರೆ ಸಂಘಟನೆಗಳ ಮನವಿಪತ್ರ. ಜಮೀನಿನ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಬರೆಯುವ ಚೆಕ್ಕುಬಂದಿಯ ಕೆಲಸವನ್ನೇ ಈ ವಾಕ್ಯಗಳೂ ಮಾಡುವುದರಿಂದ, ‘ಹಕ್ಕಿನ ಚೆಕ್ಕುಬಂದಿ’ ಎಂದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಮೈಸೂರು, ಮಂಡ್ಯ ಸೀಮೆಯವರಿಗೆ ಇದು ತಕ್ಷಣ ತಿಳಿಯುತ್ತದೆ. ಕರಾವಳಿಯವರೂ ಧಾರವಾಡ, ಕಲಬುರಗಿ ಕಡೆಯವರೂ ತಮ್ಮ ಭಾಗದ ದಸ್ತಾವೇಜುಗಳಲ್ಲಿ ಈ ಅರ್ಥಕ್ಕೆ ಯಾವ ಪದ ಬರೆಯುತ್ತಾರೆಂದು ತಿಳಿಸಿದರೆ, ನಾಡಿನ ಎಲ್ಲ ಕಡೆಗೂ ಸಲ್ಲುವ ಒಂದು ರೂಪವನ್ನು ಕೈಪಿಡಿಯಲ್ಲಿ ಬಳಸಬಹುದು.