ಡೆತ್ ವ್ಯಾಲಿಯ ಬಣ್ಣದ ಬಂಡೆಗಳು: ಸಂಜೆಯ ಹೊಂಬೆಳಕಿನಲ್ಲಿ ಹಸಿರು ಮಾಯವಾಗುವುದೇಕೆ?

ಪ್ರಶ್ನೆ

ಕಳೆದ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದಾಗ ಆರ್ಟಿಸ್ಟ್ಸ್ ಪ್ಯಾಲೆಟ್‌ನ ಇಳಿಜಾರುಗಳ ಎದುರು ಎರಡು ಸಂಜೆ ನಿಂತಿದ್ದೆ. ಮಧ್ಯಾಹ್ನ ಸ್ಪಷ್ಟವಾಗಿ ಕಂಡಿದ್ದ ತಿಳಿಹಸಿರು, ಗುಲಾಬಿ ಮತ್ತು ನೇರಳೆ ಬಣ್ಣಗಳು ಹೊಂಬೆಳಕಿನಲ್ಲಿ ಇನ್ನಷ್ಟು ಚೆನ್ನಾಗಿ ಬರುತ್ತವೆಂದು ಕಾದೆ. ಆದರೆ ಚಿತ್ರಗಳಲ್ಲಿ ಬೆಟ್ಟವಿಡೀ ಒಂದೇ ಕಿತ್ತಳೆಯಾಗಿದೆ. ಕೆಂಪು ಭಾಗಗಳಂತೂ ಮೇಲ್ಮೈಯ ಒರಟುತನವೇ ಕಾಣದ ಬಣ್ಣದ ಮುದ್ದೆಗಳಾಗಿವೆ. ಚಿತ್ರಗಳೆಲ್ಲ ರಾ ಕಡತಗಳಲ್ಲಿವೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರಗಳು). ತಪ್ಪಾಗಿರುವುದು ನನ್ನ ಸೆಟ್ಟಿಂಗ್‌ನಲ್ಲೋ, ನಾನು ಆರಿಸಿಕೊಂಡ ಹೊತ್ತಿನಲ್ಲೋ?

ಉತ್ತರ 1

ಮುಖ್ಯವಾಗಿ ಹೊತ್ತಿನದು. ಅಲ್ಲಿನ ಬಣ್ಣಗಳು ಜ್ವಾಲಾಮುಖಿಯ ನಿಕ್ಷೇಪಗಳಲ್ಲಿರುವ ಖನಿಜಗಳಿಂದ ಬಂದವು: ಕೆಂಪು ಮತ್ತು ಹಳದಿ ಕಬ್ಬಿಣದ ಆಕ್ಸೈಡುಗಳಿಂದ, ಹಸಿರು ಬಹುಮಟ್ಟಿಗೆ ಕ್ಲೋರೈಟ್‌ನಂತಹ ಖನಿಜಗಳಿಂದ. ಕೆಂಪು ಬಂಡೆ ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತದೆ, ನಿಜ. ಆದರೆ ಆ ಬಿಸಿಲಿನಲ್ಲಿ ನೀಲಿ ಮತ್ತು ಹಸಿರಿನ ಪಾಲು ಕಡಿಮೆಯಿರುವುದರಿಂದ, ಮೊದಲೇ ಮಂಕಾಗಿರುವ ಹಸಿರು ಬಂಡೆಗೆ ಪ್ರತಿಫಲಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಸೂರ್ಯ ಪಶ್ಚಿಮದ ಪನಾಮಿಂಟ್ ಬೆಟ್ಟಸಾಲಿನ ಹಿಂದೆ ಸರಿದ ಕೂಡಲೇ ಹೆಚ್ಚಿನವರು ಟ್ರೈಪಾಡ್ ಮಡಚಿ ಹೊರಡುತ್ತಾರೆ. ನನ್ನ ಅನುಭವದಲ್ಲಿ ಆ ಜಾಗದ ನಿಜವಾದ ಹೊತ್ತು ಶುರುವಾಗುವುದೇ ಆಗ. ಆಕಾಶದಿಂದ ಮಾತ್ರ ಇಳಿಯುವ ನೆರಳಿಲ್ಲದ ಬೆಳಕಿನಲ್ಲಿ ಹಸಿರು, ಗುಲಾಬಿ ಎರಡೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ತೆಳುಮೋಡದ ಹಗಲು ಸಿಕ್ಕರೆ ಅದೂ ಅಷ್ಟೇ ಒಳ್ಳೆಯದು.

ಕೆಂಪು ಮುದ್ದೆಯಾಗುವುದಕ್ಕೆ ಮಾತ್ರ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬಿಟ್ಟ ಬೆಳಕಿನ ಪ್ರಮಾಣ, ಕಾರಣ. ಹೊಳಪನ್ನಷ್ಟೇ ತೋರಿಸುವ ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಸರಿಯಾಗಿಯೇ ಕಂಡರೂ ಕೆಂಪು ಚಾನೆಲ್, ಅಂದರೆ ಚಿತ್ರದ ಕೆಂಪು ಪಾಲು, ಅದಾಗಲೇ ಬಲತುದಿಯನ್ನು ದಾಟಿ ವಿವರ ಕಳೆದುಕೊಂಡಿರಬಹುದು. ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಇಟ್ಟುಕೊಂಡು, ಕೆಂಪು ಒಳಗೆ ಉಳಿಯುವವರೆಗೆ ಎಕ್ಸ್‌ಪೋಷರ್ ಇಳಿಸಿ. ಆಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ, ಏಕೆಂದರೆ ಉಳಿಸಿಕೊಂಡ ವಿವರವನ್ನು ಆ ಒಂದು ಸ್ಲೈಡರ್ ಮತ್ತೆ ಅಳಿಸಿಹಾಕುತ್ತದೆ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದನ್ನು ಎಲ್ಲ ಬಂಡೆಗಳಿಗೂ ಅನ್ವಯಿಸಬೇಡಿ. ಅದೇ ಉದ್ಯಾನದ ಝಬ್ರಿಸ್ಕಿ ಪಾಯಿಂಟ್‌ನಲ್ಲಿ ಇರುವುದು ಎಂದೋ ಬತ್ತಿಹೋದ ಸರೋವರದ ಹೂಳು. ಬಣ್ಣ ಹೆಚ್ಚುಕಡಿಮೆ ಹಳದಿ ಮತ್ತು ಕಂದು ಅಷ್ಟೇ. ಅಲ್ಲಿ ನೋಡಬೇಕಾದದ್ದು ಕೊರಕಲುಗಳನ್ನು. ವರ್ಷಕ್ಕೆ ಸುಮಾರು 50 ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ಮಣ್ಣನ್ನು ಹಿಡಿದಿಡುವ ಗಿಡಗಳೇ ಇಲ್ಲದ ಕಾರಣ, ಬಿದ್ದ ಮಳೆ ಆಳವಾಗಿಯೇ ಕೊರೆಯುತ್ತದೆ. ಆ ಗೆರೆಗಳು ಎದ್ದು ಕಾಣಲು ಓರೆ ಬಿಸಿಲು ಬೇಕೇ ಬೇಕು. ಬೆಳಗಿನ ಜಾವ ಹೋಗಿ ನಿಂತರೆ ಮೊದಲು ದೂರದ ಪನಾಮಿಂಟ್ ಶಿಖರಗಳು, ಆಮೇಲೆ ಹತ್ತಿರದ ಶಿಖರವಾದ ಮ್ಯಾನ್ಲಿ ಬೀಕನ್‌ನ ಚೂಪು ತುದಿ ಬೆಳಗುತ್ತವೆ. ಬುಡದ ಕೊರಕಲುಗಳಲ್ಲಿ ಆಗ ಇನ್ನೂ ನೀಲಿ ನೆರಳಿರುತ್ತದೆ.

ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ. ಚೌಕಟ್ಟಿನ ತುಂಬ ಇರುವ ಬಣ್ಣವನ್ನೇ ಕ್ಯಾಮೆರಾ ದೋಷವೆಂದು ಬಗೆದು ತಿದ್ದಲು ಹೊರಡುತ್ತದೆ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಬಂಡೆಯ ಮೇಲಿನ ಬಿಳಿ ಹೊಳಪನ್ನು ಕಳೆಯುತ್ತದೆ, ಆದರೆ ವೈಡ್ ಲೆನ್ಸಿನೊಂದಿಗೆ ಬಳಸಿದರೆ ಆಕಾಶದ ಒಂದು ಮಗ್ಗುಲು ಮಾತ್ರ ಕಪ್ಪಾಗುವುದರಿಂದ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡುವುದೇ ಮೇಲು. ದೂರದ್ದನ್ನು ಹತ್ತಿರ ತರುವ 70–200 ಲೆನ್ಸ್ ಇದ್ದರೆ ಇಡೀ ಬೆಟ್ಟವನ್ನು ಬಿಟ್ಟು, ಎರಡು ಬಣ್ಣ ಕೂಡುವ ಒಂದು ಮಡಿಕೆಯನ್ನು ಆರಿಸಿಕೊಳ್ಳಿ. ಒಂದು ಕೋರಿಕೆಯೂ ಇದೆ: ಒಳ್ಳೆಯ ಕೋನಕ್ಕಾಗಿ ಮೆತ್ತನೆಯ ಇಳಿಜಾರುಗಳನ್ನು ಹತ್ತಬೇಡಿ. ಮಳೆಯೇ ಅಪರೂಪವಾದ ಆ ಮಣ್ಣಿನಲ್ಲಿ ಹೆಜ್ಜೆಗುರುತು ಬಹುಕಾಲ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಉತ್ತರ ಓದಿದ ಮೇಲೆ ಹಳೆಯ ಕಡತಗಳನ್ನು ಮತ್ತೆ ತೆರೆದೆ. ಸೂರ್ಯ ಮರೆಯಾಗಿ ಹತ್ತು ನಿಮಿಷದ ನಂತರ ತೆಗೆದು, ಕತ್ತಲಾಯಿತೆಂದು ಬದಿಗಿಟ್ಟಿದ್ದ ಒಂದು ಚಿತ್ರವಿತ್ತು. ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು) ಏರಿಸಿ, ವೈಟ್ ಬ್ಯಾಲೆನ್ಸನ್ನು 7000 ಕೆಲ್ವಿನ್ ಹತ್ತಿರ ಇಟ್ಟಾಗ, ಗುಲಾಬಿ ಇಳಿಜಾರು ಹಸಿರಿಗೆ ತಾಗುವ ಗೆರೆಯುದ್ದಕ್ಕೂ ಸಣ್ಣ ಸಣ್ಣ ಕಲ್ಲುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು.